ಸಂಶೋಧನೆಯ ಹಣ ಯಾವುದಕ್ಕೆ? ಜನರನ್ನು ಕೇಳಿ ನಿರ್ಧರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಂಡಿ ಸವೆತದಿಂದ ನರಳುತ್ತಿದ್ದವರನ್ನು ಬ್ರಿಟನ್ನಿನ ಕೆಲವು ಸಂಶೋಧಕರು ವಿಚಾರಿಸಿದರು: ನಿಮ್ಮ ಕಾಯಿಲೆಯ ಬಗ್ಗೆ ಯಾವ ಸಂಶೋಧನೆ ಆಗಬೇಕು? ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ, ನೋವಿಟ್ಟುಕೊಂಡು ದಿನ ದೂಡುವ ಬಗೆಯ ಬಗ್ಗೆ, ಕಾಯಿಲೆಯ ತಿಳಿವಳಿಕೆಯ ಬಗ್ಗೆ ಆಗಲಿ ಎಂದರು ಜನ. ಆವರೆಗೆ ಪ್ರಕಟವಾಗಿದ್ದ ಅಧ್ಯಯನಗಳನ್ನು ತೆಗೆದು ನೋಡಿದರೆ ಬಹುಪಾಲು ಔಷಧಗಳ ಮೇಲೆಯೇ ಇದ್ದವು. 2000ದಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಈ ಹೋಲಿಕೆ ದೊಡ್ಡ ಚರ್ಚೆಯನ್ನೇ ಹುಟ್ಟುಹಾಕಿತು. ಹದಿನೈದು ವರ್ಷದ ನಂತರ ಬೇರೆ ಬೇರೆ ಕಾಯಿಲೆಗಳ 14 ಆದ್ಯತಾ ಪಟ್ಟಿಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಕಂಡದ್ದು ಹೆಚ್ಚುಕಡಿಮೆ ಅದೇ. ರೋಗಿಗಳು ಮತ್ತು ವೈದ್ಯರು ಕೂಡಿ ಆರಿಸಿದ ಪ್ರಶ್ನೆಗಳಲ್ಲಿ ಔಷಧಕ್ಕೆ ಸಂಬಂಧಿಸಿದವು ಶೇ. 18. ಕಂಪನಿಗಳು ನಡೆಸುವ ಪ್ರಯೋಗಗಳಲ್ಲಿ ಔಷಧದ ಪಾಲು ಶೇ. 86. ಲಾಭದ ಉದ್ದೇಶವಿಲ್ಲದ ಪ್ರಯೋಗಗಳಲ್ಲೂ ಅದು ಶೇ. 37.

ಕಂಪನಿ ತನ್ನ ದುಡ್ಡಿನಲ್ಲಿ ಏನಾದರೂ ಮಾಡಿಕೊಳ್ಳಲಿ. ತೆರಿಗೆ ಹಣದ ಸಂಶೋಧನೆಯಲ್ಲೂ ಈ ಅಂತರ ಇರುವುದೇಕೆ? ಇದನ್ನು ಸರಿಪಡಿಸಲು 2004ರಲ್ಲಿ ಬ್ರಿಟನ್ನಿನಲ್ಲಿ, ರೋಗಿಗಳು ಮತ್ತು ವೈದ್ಯರು ಕೂಡಿ ಸಂಶೋಧನೆಯ ಪ್ರಶ್ನೆಗಳನ್ನು ಆರಿಸುವ ಜೇಮ್ಸ್ ಲಿಂಡ್ ಅಲೈಯನ್ಸ್ ಶುರುವಾಯಿತು. 1747ರಲ್ಲಿ ಹಡಗಿನ ನಾವಿಕರ ಮೇಲೆ ಸ್ಕರ್ವಿ ರೋಗದ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ವೈದ್ಯನ ಹೆಸರು ಅದು. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಆರ್ ಈಗ ಅದನ್ನು ನಡೆಸಿಕೊಂಡು ಹೋಗುತ್ತಿದೆ. ಜನರನ್ನು ಕೇಳುವ ವಿಧಾನಗಳು ಹಲವಿದ್ದರೂ ಕೇಳಿದ್ದು ಕಡತದಲ್ಲೇ ಉಳಿಯದೆ ಅನುದಾನದವರೆಗೆ ಹೋದ ದಾಖಲೆ ಇದಕ್ಕಿದೆ. ಹಾಗಾಗಿ ಈ ಮಾರ್ಗದರ್ಶಿಗೆ ಅದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅನುದಾನ ಕೊಡುವ ಕಚೇರಿಯವರು, ವೈದ್ಯಕೀಯ ಕಾಲೇಜಿನವರು, ರೋಗಿಗಳ ಸಂಘ ನಡೆಸುವವರು ಯಾರು ಬೇಕಾದರೂ ಬಳಸಬಹುದು.

ಉದಾಹರಣೆಗೆ ಒಂದೇ ಕಾಯಿಲೆಯನ್ನು ಕೊನೆಯವರೆಗೂ ಹಿಂಬಾಲಿಸೋಣ. ಅದು ತೊನ್ನು. ಬ್ರಿಟನ್ನಿನ ನಾಟಿಂಗ್‌ಹ್ಯಾಮಿನ ಚರ್ಮರೋಗ ಸಂಶೋಧಕರು ಜೇಮ್ಸ್ ಲಿಂಡ್ ವಿಧಾನದಲ್ಲಿ ತೊನ್ನಿನ ಚಿಕಿತ್ಸೆಯ ಪ್ರಶ್ನೆಗಳಿಗೆ ಆದ್ಯತೆ ಕಟ್ಟಿಸಿ, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ನಮ್ಮಲ್ಲೂ ಮನೆಮನೆಗೆ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಕಾಯಿಲೆ ಅದು.

ಹಂತ 1: ಯಾವುದು ಬದಲಾಗಬಲ್ಲದು ಎಂದು ಮೊದಲೇ ಬರೆದಿಡಿ

ಜನರ ಮುಂದೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮೂರು ಉತ್ತರ ಬರೆಯಿರಿ. ಜನರು ಹೇಳಿದ್ದರಿಂದ ಯಾವ ತೀರ್ಮಾನ ಬದಲಾಗುತ್ತದೆ? ಆ ತೀರ್ಮಾನ ಯಾರ ಕೈಯಲ್ಲಿದೆ? ಯಾವ ತಿಂಗಳು ಅದನ್ನು ತೆಗೆದುಕೊಳ್ಳುತ್ತಾರೆ? ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲವಾದರೂ ಕೆಲಸ ಅಲ್ಲಿಗೇ ನಿಲ್ಲಿಸಿ. ಬಜೆಟ್ ಹಂಚಿಕೆ ಮುಗಿದ ಮೇಲೆ ಅಭಿಪ್ರಾಯ ಕೇಳುವುದಕ್ಕಿಂತ ಕೇಳದಿರುವುದು ಮರ್ಯಾದೆ. ಒಮ್ಮೆ ಹೀಗೆ ಮೋಸಹೋದ ಜನ ಮುಂದಿನ ಸಲ ನಿಜವಾಗಿ ಕೇಳಿದಾಗಲೂ ಬರುವುದಿಲ್ಲ.

ವ್ಯಾಪ್ತಿಯನ್ನು ಕಿರಿದಾಗಿಡಿ. ‘ಚರ್ಮರೋಗಗಳು’ ಎನ್ನಬೇಡಿ, ‘ತೊನ್ನಿನ ಚಿಕಿತ್ಸೆ’ ಎನ್ನಿ. ನಮ್ಮ ದೇಶದ ಐದನೇ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು ನೆನಪಿರಬಹುದು. 21 ವಿಷಯವಾರು ತಂಡಗಳು, ಸಾರ್ವಜನಿಕ ಸಮಾಲೋಚನೆಗೆಂದೇ ಪ್ರತ್ಯೇಕ ವ್ಯವಸ್ಥೆ ಎಲ್ಲವೂ ಅದಕ್ಕಿತ್ತು. ಆ ಪ್ರಯತ್ನ ಸಣ್ಣದಲ್ಲ. ಆದರೆ ಕರಡು ಹೊರಬಿದ್ದದ್ದು 2020ರ ಡಿಸೆಂಬರ್ 31ರಂದು, ಅಭಿಪ್ರಾಯ ಕಳಿಸಲು ಮೊದಲು ಕೊಟ್ಟ ಗಡುವು 2021ರ ಜನವರಿ 25. ಇಡೀ ದೇಶದ ವಿಜ್ಞಾನ ನೀತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರೆ ಹಾವೇರಿಯ ರೈತನಾಗಲಿ ಹಾಸನದ ಶಿಕ್ಷಕಿಯಾಗಲಿ ಎಲ್ಲಿಂದ ಶುರುಮಾಡಬೇಕು? ಪ್ರಶ್ನೆ ದೊಡ್ಡದಾದಷ್ಟೂ ಉತ್ತರ ಕೊಡುವವರು ವೃತ್ತಿಪರರು ಮಾತ್ರ.

ದೊಡ್ಡ ಪ್ರಶ್ನೆ ಕೇಳಲೇಬಾರದು ಎಂದಲ್ಲ. ನೆದರ್ಲೆಂಡ್ಸ್ 2015ರಲ್ಲಿ ರಾಷ್ಟ್ರೀಯ ಸಂಶೋಧನಾ ಕಾರ್ಯಸೂಚಿಗೆ ಪ್ರಶ್ನೆ ಕಳಿಸಿ ಎಂದು ಎಲ್ಲರಿಗೂ ಬಾಗಿಲು ತೆರೆದಾಗ ಸುಮಾರು 11,700 ಪ್ರಶ್ನೆಗಳು ಬಂದವು. ತಜ್ಞರು ಕೂತು ಅವನ್ನು 140 ಗುಂಪುಪ್ರಶ್ನೆಗಳಿಗೆ ಇಳಿಸಿದರು. ಅಷ್ಟು ಸಿಬ್ಬಂದಿ, ಅಷ್ಟು ಸಮಯ ನಿಮ್ಮಲ್ಲಿದೆಯೇ ಎಂದು ನೋಡಿಕೊಳ್ಳಿ.

ಸಮಯದ ಲೆಕ್ಕವನ್ನೂ ಇಲ್ಲೇ ಹಾಕಿ. ಜೇಮ್ಸ್ ಲಿಂಡ್ ಮಾದರಿಯ ಒಂದು ಸುತ್ತು ಸಾಮಾನ್ಯವಾಗಿ 12ರಿಂದ 18 ತಿಂಗಳು ಹಿಡಿಯುತ್ತದೆ. ಮೂರು ತಿಂಗಳಲ್ಲಿ ಮುಗಿಸಿ ಎಂದು ಮೇಲಧಿಕಾರಿ ಹೇಳಿದರೆ ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ.

ಹಂತ 2: ಸಂಚಾಲನಾ ಸಮಿತಿ

ಹತ್ತರಿಂದ ಹದಿನೈದು ಜನ ಸಾಕು. ಅರ್ಧ ಕಾಯಿಲೆ ಇರುವವರು ಮತ್ತು ಅವರನ್ನು ನೋಡಿಕೊಳ್ಳುವವರು, ಅರ್ಧ ಚಿಕಿತ್ಸೆ ಕೊಡುವವರು. ಚಿಕಿತ್ಸೆ ಕೊಡುವವರು ಎಂದರೆ ತಜ್ಞ ವೈದ್ಯರಷ್ಟೇ ಅಲ್ಲ, ನರ್ಸುಗಳು, ಆಪ್ತಸಮಾಲೋಚಕರೂ ಬರಬೇಕು. ಅಧ್ಯಕ್ಷರಿಗೆ ಈ ವಿಷಯದಲ್ಲಿ ಯಾವ ಲಾಭವೂ ಇರಬಾರದು.

ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಔಷಧ ಕಂಪನಿಗಳಿಗೆ ಆದ್ಯತೆ ಕಟ್ಟುವಲ್ಲಿ ಪ್ರವೇಶವಿಲ್ಲ. ರೋಗಿಗಳನ್ನು ನೋಡದೆ ಸಂಶೋಧನೆ ಮಾತ್ರ ಮಾಡುವವರಿಗೂ ಮತವಿಲ್ಲ. ಅವರು ಸಲಹೆ ಕೊಡಬಹುದು, ಸಾಕ್ಷ್ಯ ಹುಡುಕಿಕೊಡಬಹುದು, ಅಷ್ಟೆ. ಎರಡನೆಯದು ಸಂಶೋಧಕರಿಗೆ ಸಿಟ್ಟು ತರಿಸುತ್ತದೆ. ಆದರೂ ಬಿಡಬೇಡಿ, ಏಕೆಂದರೆ ಹತ್ತು ವರ್ಷದಿಂದ ಒಂದೇ ಔಷಧದ ಅಣುವಿನ ಹಿಂದೆ ಬಿದ್ದವರು ಆ ಅಣುವಿಗೇ ಮತ ಹಾಕುತ್ತಾರೆ, ಅದು ಮನುಷ್ಯ ಸ್ವಭಾವ. ಉಳಿದ ಪ್ರತಿಯೊಬ್ಬರಿಂದಲೂ ಹಿತಾಸಕ್ತಿಯ ಘೋಷಣೆ ಬರೆಸಿಕೊಳ್ಳಿ. 2023ರ ಕಾಯ್ದೆಯಿಂದ ಹುಟ್ಟಿದ ನಮ್ಮ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಕ್ಕೆ ಅಂದಾಜಿಸಿದ 50,000 ಕೋಟಿ ರೂಪಾಯಿಯಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ಲೆಕ್ಕವಿದೆ. ಅಂಥ ಕಡೆ ಈ ಘೋಷಣೆ ಇನ್ನೂ ಮುಖ್ಯ.

ಹಂತ 3: ಕೇಳುವುದು

ಇಡೀ ಕೆಲಸದ ಜೀವ ಇಲ್ಲಿದೆ. ಹೆಚ್ಚಿನವರು ಕೆಡಿಸುವುದೂ ಇಲ್ಲಿಯೇ.

‘ಯಾವ ಸಂಶೋಧನೆ ಬೇಕು?’ ಎಂದು ಕೇಳಬೇಡಿ. ಅದಕ್ಕೆ ಉತ್ತರಿಸಲು ಸಂಶೋಧನೆ ಎಂದರೇನು ಎಂದು ಗೊತ್ತಿರಬೇಕಾಗುತ್ತದೆ. ‘ಈ ಕೆಳಗಿನವುಗಳಲ್ಲಿ ಒಂದನ್ನು ಆರಿಸಿ’ ಎಂದೂ ಕೊಡಬೇಡಿ, ಆಗ ಪಟ್ಟಿ ನಿಮ್ಮದು, ಗುರುತು ಮಾತ್ರ ಅವರದು. ಕೇಳಬೇಕಾದದ್ದು ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು. ಕನ್ನಡದಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ:

“ತೊನ್ನಿನ ಚಿಕಿತ್ಸೆಯ ಬಗ್ಗೆ ನಿಮಗೆ ಇನ್ನೂ ಉತ್ತರ ಸಿಗದ ಪ್ರಶ್ನೆ ಯಾವುದು? ಡಾಕ್ಟರನ್ನು ಕೇಳಬೇಕು ಅಂದುಕೊಂಡು ಕೇಳದೆ ಬಂದದ್ದು, ಕೇಳಿಯೂ ಸರಿಯಾದ ಉತ್ತರ ಸಿಗದೇ ಇದ್ದದ್ದು, ಒಬ್ಬೊಬ್ಬರು ಒಂದೊಂದು ಹೇಳಿದ್ದು, ಯಾವುದಾದರೂ ಸರಿ. ನಿಮ್ಮ ಮಾತಿನಲ್ಲೇ ಹೇಳಿ.”

ಅದರ ಕೆಳಗೆ ಖಾಲಿ ಜಾಗ. ಆಮೇಲೆ ವಯಸ್ಸು, ಜಿಲ್ಲೆ, ಲಿಂಗ, ಮತ್ತು ‘ತೊನ್ನು ಇರುವುದು ನನಗೆ / ಮನೆಯವರಿಗೆ / ನಾನು ಚಿಕಿತ್ಸೆ ಕೊಡುವವರು’ ಎಂಬ ಸಾಲು. ಹೆಸರು, ಫೋನ್ ನಂಬರ್ ಬೇಡ. ಫಲಿತಾಂಶ ತಿಳಿಸಬೇಕೆಂದು ಅವರೇ ಬಯಸಿದರೆ ಬೇರೆ ಚೀಟಿಯಲ್ಲಿ ಬರೆಸಿಕೊಂಡು ಉತ್ತರದಿಂದ ದೂರ ಇಡಿ. ಶುರುಮಾಡುವ ಮೊದಲು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯಿಂದ ಅನುಮೋದನೆ ಬೇಕೇ ಎಂದು ಕೇಳಿ, ಅವರ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಪ್ರಶ್ನಾವಳಿಯನ್ನು ಮೊದಲು ಏಳೆಂಟು ಜನರಿಗೆ ಕೊಟ್ಟು ಪರೀಕ್ಷಿಸಿ. ಓದಿದ ಮೇಲೆ ‘ಇದರಲ್ಲಿ ಏನು ಕೇಳಿದ್ದಾರೆ?’ ಎಂದು ಅವರ ಬಾಯಲ್ಲೇ ಹೇಳಿಸಿದರೆ ತಪ್ಪುಗಳು ತಾನಾಗಿ ಹೊರಬರುತ್ತವೆ.

ಇನ್ನು ಅದನ್ನು ಯಾರಿಗೆ, ಹೇಗೆ ತಲುಪಿಸುವುದು? ಬ್ರಿಟನ್ನಿನ ತೊನ್ನಿನ ಸಮಾಲೋಚನೆಯಲ್ಲಿ 461 ಜನ 660 ಪ್ರಶ್ನೆಗಳನ್ನು ಕೊಟ್ಟರು. ಮುಂದಿನ ಸುತ್ತಿನ ಮತದಾನಕ್ಕೆ ಆನ್‌ಲೈನ್ ಜೊತೆ ಕಾಗದವೂ ಇತ್ತು. ನಮ್ಮಲ್ಲಿ ಬರೀ ಆನ್‌ಲೈನ್ ಫಾರಂ ಹಾಕಿದರೆ ಬೆಂಗಳೂರಿನ, ಮೂವತ್ತರ ಆಸುಪಾಸಿನ, ಇಂಗ್ಲಿಷ್ ಬಲ್ಲವರ ಉತ್ತರಗಳೇ ತುಂಬಿಕೊಳ್ಳುತ್ತವೆ. ತೊನ್ನಿನಂಥ ವಿಷಯದಲ್ಲಿ ತೊಡಕು ಇನ್ನೊಂದಿದೆ. ಹೆಣ್ಣು ನೋಡಲು ಬರುವವರಿಗೆ ಕಾಣದಿರಲಿ ಎಂದು ಮಗಳಿಗೆ ತೋಳುದ್ದದ ಬಟ್ಟೆ ಹಾಕಿಸುವ ಮನೆಗಳಿವೆ. ಅದನ್ನು ಕುಷ್ಠವೆಂದೇ ತಿಳಿದವರೂ ಇದ್ದಾರೆ. ಅಂಥ ಮನೆಯವರನ್ನು ಸಾರ್ವಜನಿಕ ಸಭೆಗೆ ಕರೆದರೆ ಯಾರು ಬರುತ್ತಾರೆ? ಜಿಲ್ಲಾಸ್ಪತ್ರೆಯ ಚರ್ಮರೋಗ ಹೊರರೋಗಿ ವಿಭಾಗದಲ್ಲಿ, ಮರೆಯಿರುವ ಜಾಗದಲ್ಲಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಓದಲು ಬಾರದವರು ಹೇಳಿದ್ದನ್ನು ಬರೆದುಕೊಳ್ಳಿ, ಆದರೆ ತಿದ್ದಬೇಡಿ. ವಾಟ್ಸ್‌ಆಪ್ ಧ್ವನಿಸಂದೇಶಕ್ಕೂ ದಾರಿಯಿರಲಿ, ಬರೆಯಲು ಹಿಂಜರಿಯುವ ಹಲವರು ಮಾತಾಡಲು ಹಿಂಜರಿಯುವುದಿಲ್ಲ.

ಭಾಷೆಯನ್ನು ಸೌಜನ್ಯದ ವಿಷಯ ಎಂದುಕೊಳ್ಳಬೇಡಿ. ಪರಿಸರ ಪರಿಣಾಮ ಮೌಲ್ಯಮಾಪನದ 2020ರ ಕರಡು ಅಧಿಸೂಚನೆ ಸಂಶೋಧನಾ ಅನುದಾನದ ವಿಷಯವಲ್ಲ, ಆದರೂ ಪಾಠ ಇಲ್ಲಿಗೂ ಹೊಂದುತ್ತದೆ. ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆ ವರ್ಷ ಜೂನ್‌ನಲ್ಲಿ ಆದೇಶಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಟ್ಟಿತು. ಜನರಿಗೆ ಅರ್ಥವಾಗದ ಭಾಷೆಯಲ್ಲಿ ಕೇಳಿದ್ದನ್ನು ‘ಕೇಳಿದ್ದೇವೆ’ ಎನ್ನಲಾಗದು. ಕರ್ನಾಟಕದಲ್ಲಿ ಕೇಳುವುದಾದರೆ ಕನ್ನಡದ ಜೊತೆಗೆ ಉರ್ದು, ತುಳು, ಕೊಂಕಣಿ, ಗಡಿಭಾಗಕ್ಕೆ ತೆಲುಗು, ಮರಾಠಿ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ಪ್ರತಿ ವಾರ ಉತ್ತರಗಳನ್ನು ಜಿಲ್ಲೆ, ವಯಸ್ಸು, ಲಿಂಗದ ಪ್ರಕಾರ ಎಣಿಸಿ. ಕಲಬುರಗಿ ಕಡೆಯಿಂದ ಏನೂ ಬಂದಿಲ್ಲ ಎಂದು ಕೊನೆಯ ದಿನ ತಿಳಿದರೆ ಪ್ರಯೋಜನವಿಲ್ಲ. ಎಷ್ಟು ದಿನ ತೆರೆದಿಡಬೇಕು? ಕಾನೂನು ಮಾಡುವ ಮುನ್ನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂದು ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಹೇಳುತ್ತದೆ. ನಿಮಗೆ ಅದು ಅನ್ವಯಿಸದು, ಆದರೂ ಅದಕ್ಕಿಂತ ಕಡಿಮೆ ಮಾಡಬೇಡಿ. ಎರಡು ತಿಂಗಳು ಸಿಕ್ಕರೆ ಒಳ್ಳೆಯದು, ಸುಗ್ಗಿ ಮತ್ತು ಪರೀಕ್ಷೆಯ ಕಾಲ ತಪ್ಪಿಸಿ.

ಹಂತ 4: ಬಂದದ್ದನ್ನು ಹಸನು ಮಾಡುವುದು

ಉತ್ತರಗಳು ಅಚ್ಚುಕಟ್ಟಾಗಿ ಬರುವುದಿಲ್ಲ. ಹೀಗೊಂದು ಬಂತೆನ್ನಿ: “ಬಿಸಿಲಿಗೆ ಹೋಗಿ ಅಂತ ಒಬ್ರು, ಹೋಗ್ಲೇಬೇಡಿ ಅಂತ ಇನ್ನೊಬ್ರು. ನಾನು ಗದ್ದೆ ಕೆಲ್ಸ ಬಿಡಕ್ಕಾಗುತ್ತಾ?” ಇದರೊಳಗೆ ಪರೀಕ್ಷಿಸಬಹುದಾದ ಪ್ರಶ್ನೆಯಿದೆ: ಹೊಲದಲ್ಲಿ ದುಡಿಯುವ ತೊನ್ನಿರುವವರಲ್ಲಿ ಬಿಸಿಲಿನಿಂದ ಮರೆಮಾಡುವುದರಿಂದ ಮಚ್ಚೆ ಹರಡುವುದು ಕಡಿಮೆಯಾಗುತ್ತದೆಯೇ? ಬರೆಯುವಾಗ ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಏನು ಬದಲಾಗಬೇಕು ಎಂಬ ನಾಲ್ಕೂ ಸೇರಲಿ. ಮೂಲ ಮಾತನ್ನು ಅದರ ಪಕ್ಕದ ಕಾಲಂನಲ್ಲೇ ಉಳಿಸಿ. ‘ಹೊಲದಲ್ಲಿ ದುಡಿಯುವ’ ಎಂಬುದು ತಿದ್ದುವಾಗ ಬಿಟ್ಟುಹೋದರೆ ಕೇಳಿದವನ ಪ್ರಶ್ನೆಯೇ ಹೋದಂತೆ. ತಿದ್ದಿದ ಪ್ರಶ್ನೆಗಳನ್ನು ಸಮಿತಿಯ ರೋಗಿ ಸದಸ್ಯರು ಓದಿ ಒಪ್ಪಬೇಕು.

ಒಂದೇ ಅರ್ಥದವನ್ನು ಕೂಡಿಸಿ, ವ್ಯಾಪ್ತಿಯ ಹೊರಗಿನವನ್ನು ಬೇರೆ ಪಟ್ಟಿಗೆ ಹಾಕಿ, ಆದರೆ ಎಸೆಯಬೇಡಿ. ಆಮೇಲೆ ಪ್ರತಿ ಪ್ರಶ್ನೆಗೂ ಈಗಾಗಲೇ ಉತ್ತರವಿದೆಯೇ ಎಂದು ಕ್ರಮಬದ್ಧ ಪರಾಮರ್ಶೆಗಳಲ್ಲಿ, ಅಂದರೆ ಒಂದು ವಿಷಯದ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ಅಳೆದ ವರದಿಗಳಲ್ಲಿ, ಹುಡುಕಿ. ಅಂಥ ವರದಿಗಳ ಮುಖ್ಯ ಸಂಗ್ರಹ ಕಾಕ್ರೇನ್. ಇಲ್ಲಿ ತಜ್ಞರ ನೆರವು ಬೇಕು, ಅದಕ್ಕೆ ಹಣ ಮೀಸಲಿಡಿ. ಉತ್ತರ ಇದ್ದೂ ಜನರಿಗೆ ತಲುಪದ ಪ್ರಶ್ನೆಗಳು ಸಿಗುತ್ತವೆ. ಅವಕ್ಕೆ ಹೊಸ ಸಂಶೋಧನೆ ಬೇಡ, ಒಂದು ಕರಪತ್ರ ಸಾಕು. ಇದನ್ನು ಮಾಡಿಯೇ ಮುಂದೆ ಹೋಗಿ. ಸಂಶೋಧನೆಗೆ ಹಾಕುವ ಹಣದಲ್ಲಿ ಶೇ. 85ರಷ್ಟು ತಪ್ಪಿಸಬಹುದಾದ ಕಾರಣಗಳಿಂದ ವ್ಯರ್ಥವಾಗುತ್ತಿದೆ ಎಂದು ವೈದ್ಯಕೀಯ ಸಂಶೋಧಕರಾದ ಇಯಾನ್ ಚಾಮರ್ಸ್ ಮತ್ತು ಪಾಲ್ ಗ್ಲಾಸ್ಜಿಯು 2009ರಲ್ಲಿ ಅಂದಾಜಿಸಿದ್ದರು. ಗೊತ್ತಿರುವುದನ್ನೇ ಮತ್ತೆ ಹುಡುಕುವುದೂ ಆ ಕಾರಣಗಳಲ್ಲಿ ಒಂದು.

ಹಂತ 5: ಮಧ್ಯದ ಮತದಾನ

ಉಳಿದ ಪ್ರಶ್ನೆಗಳನ್ನು ಮತ್ತೆ ಜನರ ಮುಂದಿಟ್ಟು, ನಿಮಗೆ ಮುಖ್ಯವೆನಿಸಿದ ಹತ್ತನ್ನು ಆರಿಸಿ ಎನ್ನಿ. ತೊನ್ನಿನ ವಿಷಯದಲ್ಲಿ ಈ ಸುತ್ತು ಮುಗಿದಾಗ ಉಳಿದದ್ದು 23. ರೋಗಿಗಳ ಮತ ಮತ್ತು ವೈದ್ಯರ ಮತವನ್ನು ಬೇರೆ ಬೇರೆ ಎಣಿಸಿ, ಎರಡೂ ಪಟ್ಟಿಯ ಮೇಲಿನವನ್ನು ತೆಗೆದುಕೊಳ್ಳಿ. ಒಟ್ಟಿಗೆ ಕೂಡಿದರೆ ಹೆಚ್ಚು ಸಂಖ್ಯೆಯಲ್ಲಿ ಬಂದವರು ಇನ್ನೊಬ್ಬರನ್ನು ನುಂಗಿಬಿಡುತ್ತಾರೆ.

ಹಂತ 6: ಕೊನೆಯ ಕಾರ್ಯಾಗಾರ

ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹತ್ತನ್ನು ಕ್ರಮದಲ್ಲಿ ಇಡುವ ದಿನ. ಸಾಮಾನ್ಯವಾಗಿ 20ರಿಂದ 30 ಜನ ಇರುತ್ತಾರೆ, ತೊನ್ನಿನ ಕಾರ್ಯಾಗಾರದಲ್ಲಿ 47 ಮಂದಿ ಇದ್ದರು. ಪ್ರಶ್ನೆಗಳ ಪಟ್ಟಿ ಒಂದು ವಾರ ಮೊದಲೇ ಎಲ್ಲರ ಕೈಸೇರಿರಬೇಕು, ಪ್ರತಿಯೊಬ್ಬರೂ ಮನೆಯಲ್ಲೇ ತಮ್ಮ ಮೇಲಿನ ಮೂರು, ಕೆಳಗಿನ ಮೂರು ಗುರುತಿಸಿಕೊಂಡು ಬರಬೇಕು.

ಬೆಳಿಗ್ಗೆ ಎಂಟು–ಹತ್ತು ಜನರ ಗುಂಪುಗಳು. ಪ್ರತಿ ಗುಂಪಿನಲ್ಲೂ ರೋಗಿಗಳು, ಮನೆಯವರು, ವೈದ್ಯರು ಬೆರೆತಿರಲಿ, ವಿಷಯದಲ್ಲಿ ಪಕ್ಷವಿಲ್ಲದ ಒಬ್ಬ ಸುಗಮಕಾರರೂ ಇರಲಿ. ಒಬ್ಬೊಬ್ಬರೇ ತಮ್ಮ ಆಯ್ಕೆ ಮತ್ತು ಕಾರಣ ಹೇಳುತ್ತಾರೆ, ನಡುವೆ ಯಾರೂ ಬಾಯಿಹಾಕುವಂತಿಲ್ಲ. ಆಮೇಲೆ ಪ್ರಶ್ನೆ ಬರೆದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಮಾತಾಡುತ್ತ ಮೇಲೆ ಕೆಳಗೆ ಸರಿಸುತ್ತಾರೆ. ಎಲ್ಲ ಗುಂಪುಗಳ ಕ್ರಮವನ್ನು ಊಟದ ಹೊತ್ತಿಗೆ ಕೂಡಿಸಿ ಒಂದು ಪಟ್ಟಿ ಮಾಡಿ. ಮಧ್ಯಾಹ್ನ ಗುಂಪುಗಳನ್ನು ಬದಲಿಸಿ ಅದೇ ಪಟ್ಟಿಯನ್ನು ಮತ್ತೆ ತಿದ್ದಿಸಿ. ಕೊನೆಗೆ ಎಲ್ಲರೂ ಸೇರಿ ಅಂತಿಮ ಹತ್ತು. ಹತ್ತನೆಯದು ಯಾವುದು, ಹನ್ನೊಂದನೆಯದು ಯಾವುದು ಎಂಬಲ್ಲಿ ಜಗಳ ಹತ್ತುವುದು ಖಚಿತ, ಅದಕ್ಕೆ ಸಮಯ ಬಿಟ್ಟಿರಿ.

ನಮ್ಮಲ್ಲಿ ಡಾಕ್ಟರ ಎದುರು ರೋಗಿ ‘ಹೌದು ಸರ್’ ಎನ್ನುತ್ತಾನೆಯೇ ಹೊರತು ‘ಇಲ್ಲ’ ಎನ್ನುವುದಿಲ್ಲ. ಹಾಗಾಗಿ ಎದೆಗೆ ಹಾಕುವ ಚೀಟಿಯಲ್ಲಿ ‘ಡಾ.’, ಪದವಿ, ಹುದ್ದೆ ಏನೂ ಬೇಡ. ಪ್ರತಿ ಸುತ್ತಿನಲ್ಲೂ ಮೊದಲ ಮಾತು ರೋಗಿಯದು. ಒಬ್ಬ ವೈದ್ಯ ಮತ್ತು ಅವರೇ ಚಿಕಿತ್ಸೆ ಕೊಡುತ್ತಿರುವ ರೋಗಿ ಒಂದೇ ಗುಂಪಿನಲ್ಲಿ ಇರಬಾರದು. ವೇದಿಕೆ, ಹಾರ, ಸ್ವಾಗತ ಭಾಷಣ ಬಿಡಿ. ದೀಪ ಬೆಳಗಲು ಬಂದ ಗಣ್ಯರು ಮೊದಲ ಒಂದು ಗಂಟೆ ತಿಂದುಬಿಡುತ್ತಾರೆ, ಆಮೇಲೆ ಮಾತಾಡುವ ಧೈರ್ಯ ಯಾರಿಗೂ ಉಳಿದಿರುವುದಿಲ್ಲ.

ಬಂದವರಿಗೆ ಹಣ ಕೊಡಿ. ಎನ್‌ಐಎಚ್‌ಆರ್‌ನ ಮಾರ್ಗಸೂಚಿಯಲ್ಲಿ ಹಲವು ವರ್ಷ ಇದ್ದ ದರ ಗಂಟೆಗೆ 25 ಪೌಂಡ್, ಅರ್ಧ ದಿನಕ್ಕೆ 75, ಇಡೀ ದಿನಕ್ಕೆ 150. ಪ್ರಯಾಣದ ಖರ್ಚು ಪ್ರತ್ಯೇಕ. ಇಲ್ಲಿ ಕನಿಷ್ಠ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬಂದವರ ಊಟ, ಇಷ್ಟನ್ನು ಅಂದೇ ಕೈಗೆ ಕೊಡಿ. ಸಂಬಳದ ಮೇಲೆ ಬಂದ ತಜ್ಞರ ಪಕ್ಕದಲ್ಲಿ ಕೂಲಿ ಬಿಟ್ಟು ಬಂದವರನ್ನು ಪುಕ್ಕಟೆ ಕೂರಿಸಿ ಸಮಾನರು ಎಂದರೆ ಯಾರೂ ನಂಬುವುದಿಲ್ಲ.

ಹಂತ 7: ಪಟ್ಟಿಯಿಂದ ಹಣದವರೆಗೆ

ತೊನ್ನಿನ ಪಟ್ಟಿಯಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ, ಮುಲಾಮು, ಬೆಳಕಿನ ಚಿಕಿತ್ಸೆ, ಜೀನ್ ಚಿಕಿತ್ಸೆ ಇದ್ದವು. ಮಾನಸಿಕ ನೆರವಿನಿಂದ ಬದುಕು ಎಷ್ಟು ಸುಧಾರಿಸುತ್ತದೆ ಎಂಬ ಪ್ರಶ್ನೆಯೂ ಇತ್ತು. ಅಲ್ಲಿಗೆ ನಿಂತಿದ್ದರೆ ಅದೊಂದು ಒಳ್ಳೆಯ ಲೇಖನವಾಗಿ ಮುಗಿಯುತ್ತಿತ್ತು. ಆದರೆ ಎನ್‌ಐಎಚ್‌ಆರ್ ಆ ಪಟ್ಟಿಯಿಂದ ಹುಟ್ಟಿದ ‘ಹೈ-ಲೈಟ್’ ಪ್ರಯೋಗಕ್ಕೆ ಅನುದಾನ ಕೊಟ್ಟಿತು. 16 ಆಸ್ಪತ್ರೆಗಳು, 517 ಜನ, ಅವರಲ್ಲಿ ಮಕ್ಕಳೂ ಇದ್ದರು. ಮನೆಯಲ್ಲೇ ಕೈಯಲ್ಲಿ ಹಿಡಿದು ಬಳಸುವ ಅತಿನೇರಳೆ ಬೆಳಕಿನ ಸಾಧನ, ಸ್ಟೆರಾಯ್ಡ್ ಮುಲಾಮು, ಎರಡೂ ಸೇರಿ, ಹೀಗೆ ಮೂರು ಗುಂಪು. ಚಿಕಿತ್ಸೆ ಫಲಿಸಿತೇ ಎಂದು ಅಳೆದದ್ದೂ ರೋಗಿಗಳ ಕಣ್ಣಿನಿಂದಲೇ: ಮಚ್ಚೆ ಮೊದಲಿಗಿಂತ ಬಹಳ ಕಡಿಮೆ ಕಾಣುತ್ತಿದೆ ಅಥವಾ ಕಾಣುತ್ತಲೇ ಇಲ್ಲ ಎಂದು ಅವರು ಹೇಳಿದರೆ ಯಶಸ್ಸು. ಒಂಬತ್ತು ತಿಂಗಳಲ್ಲಿ ಬರೀ ಮುಲಾಮಿನಿಂದ ಶೇ. 17, ಬರೀ ಬೆಳಕಿನಿಂದ ಶೇ. 22, ಎರಡೂ ಸೇರಿ ಶೇ. 27. ಚಿಕಿತ್ಸೆ ನಿಲ್ಲಿಸಿದ ಮೇಲೆ ಗುಣ ಉಳಿಯಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಪವಾಡವೇನೂ ಆಗಲಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಟ್ಟಿಯಿಂದ ಫಲಿತಾಂಶಕ್ಕೆ ಹೆಚ್ಚುಕಡಿಮೆ ಹತ್ತು ವರ್ಷ.

ಆದ್ದರಿಂದ ಅನುದಾನ ಕಚೇರಿ ಮಾಡಬೇಕಾದದ್ದು: ಮುಂದಿನ ಅರ್ಜಿ ಆಹ್ವಾನದಲ್ಲಿ ಆ ಹತ್ತು ಪ್ರಶ್ನೆಗಳನ್ನು ಹೆಸರಿಸಿ ಅಚ್ಚುಹಾಕುವುದು, ಅವಕ್ಕೆ ಇಷ್ಟು ಹಣ ಎಂದು ಮೀಸಲಿಡುವುದು, ಅರ್ಜಿದಾರರು ಪಟ್ಟಿಯ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ ಎಂಬ ಕಾಲಂ ಇಡುವುದು, ಸಾಮಾನ್ಯರಿಗೆ ಅರ್ಥವಾಗುವ ಸಾರಾಂಶವನ್ನು ಕಡ್ಡಾಯ ಮಾಡುವುದು. ರೋಗಿಗಳ ಸಂಘದವರಾದರೆ ಈ ನಾಲ್ಕನ್ನೂ ಮೊದಲ ಸಭೆಯಲ್ಲೇ ಬರೆಸಿಕೊಳ್ಳಿ.

ಕೃಷಿಯಲ್ಲಿ ನಮಗೆ ಬಾಗಿಲು ಆಗಲೇ ಇದೆ. ಪ್ರತಿ ಕೃಷಿ ವಿಜ್ಞಾನ ಕೇಂದ್ರಕ್ಕೂ ರೈತ ಪ್ರತಿನಿಧಿಗಳಿರುವ ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ. ಅಡಿಕೆಯ ಎಲೆಚುಕ್ಕಿ ರೋಗದಂಥ ವಿಷಯಕ್ಕೆ ಈ ವಿಧಾನವನ್ನೇ ಅಲ್ಲಿ ಓಡಿಸಬಹುದು. ಸಭೆಗೆ ಕರೆದವರು ಮಾದರಿ ರೈತರಷ್ಟೇ ಆಗಿರದಿದ್ದರೆ ಸಾಕು.

ಹಂತ 8: ಅರ್ಜಿ ಪರಿಶೀಲನೆಯಲ್ಲೂ ಜನ

ಅಮೆರಿಕದ ರಕ್ಷಣಾ ಇಲಾಖೆಯ ಸ್ತನ ಕ್ಯಾನ್ಸರ್ ಸಂಶೋಧನಾ ಕಾರ್ಯಕ್ರಮದಲ್ಲಿ 1995ರಿಂದಲೇ ಕಾಯಿಲೆ ಅನುಭವಿಸಿದ ಮಹಿಳೆಯರು ವಿಜ್ಞಾನಿಗಳ ಜೊತೆ ಕೂತು ಅರ್ಜಿಗಳಿಗೆ ಅಂಕ ಹಾಕುತ್ತಾರೆ, ಅವರ ಮತಕ್ಕೂ ಅಷ್ಟೇ ತೂಕ. ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ: ಒಬ್ಬರನ್ನು ಕೂರಿಸಬೇಡಿ, ಕನಿಷ್ಠ ಇಬ್ಬರಿರಲಿ. ಒಬ್ಬರೇ ಇದ್ದರೆ ಅತಿಥಿಯಂತೆ ಸುಮ್ಮನಿರುತ್ತಾರೆ. ಪ್ರಯೋಗಶಾಲೆಯ ತಂತ್ರ ಸರಿಯಿದೆಯೇ ಎಂದು ಅವರನ್ನು ಕೇಳಬೇಡಿ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಬನ್ನಿ ಎಂದರೆ ಜನ ಬರುತ್ತಾರೆಯೇ, ಅಳೆಯುತ್ತಿರುವ ಫಲಿತಾಂಶ ರೋಗಿಗೆ ಮುಖ್ಯವೇ, ಒಪ್ಪಿಗೆ ಪತ್ರ ಅರ್ಥವಾಗುತ್ತದೆಯೇ ಎಂದು ಕೇಳಿ. ತಜ್ಞರಿಗೆ ಗೊತ್ತಿಲ್ಲದಿರುವುದು ಇವೇ.

ಹಂತ 9: ಉತ್ತರ ಕೊಡುವುದು

ಕಾರ್ಯಾಗಾರ ಮುಗಿದ ಒಂದು ತಿಂಗಳೊಳಗೆ, ಉತ್ತರ ಕೊಟ್ಟ ಪ್ರತಿಯೊಬ್ಬರಿಗೂ ತಲುಪುವಂತೆ ಎರಡು ಪುಟ ಅಚ್ಚುಹಾಕಿ. ಎಷ್ಟು ಪ್ರಶ್ನೆ ಬಂದವು, ಯಾವ ಹತ್ತು ಉಳಿದವು, ಯಾವುದನ್ನು ಏಕೆ ಬಿಟ್ಟಿರಿ ಎಂಬುದೆಲ್ಲ ಇರಲಿ. ಹೊರರೋಗಿ ವಿಭಾಗದಲ್ಲಿ ಕೇಳಿದ್ದರೆ ಅಲ್ಲಿಯೇ ಅಂಟಿಸಿ, ಧ್ವನಿಸಂದೇಶ ಕಳಿಸಿದವರಿಗೆ ಧ್ವನಿಯಲ್ಲೇ ಕಳಿಸಿ. ಬೇಡವೆಂದದ್ದಕ್ಕೆ ಕಾರಣ ಕೊಡದಿದ್ದರೆ ಜನ ಊಹಿಸಿಕೊಳ್ಳುತ್ತಾರೆ, ಮತ್ತು ಅವರ ಊಹೆ ನಿಮ್ಮ ಪರವಾಗಿ ಇರುವುದಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಆ ಹತ್ತು ಪ್ರಶ್ನೆಗಳ ಮುಂದೆ ಮೂರು ಕಾಲಂ ತುಂಬಿ: ಹಣ ಸಿಕ್ಕಿತೇ, ಯಾರಿಗೆ, ಈಗ ಯಾವ ಹಂತದಲ್ಲಿದೆ. ಖಾಲಿ ಉಳಿದ ಕಾಲಂ ಅನ್ನು ಖಾಲಿಯಾಗಿಯೇ ಪ್ರಕಟಿಸಿ.